ನೆಗೆತದ ಲೆಕ್ಕ: ಹಳೆಯ ಪ್ಲಾಟ್‌ಫಾರ್ಮ್ ಆಟವೊಂದನ್ನು ಮತ್ತೆ ಕಟ್ಟಿದ ಪ್ರಕರಣ

ಹಿನ್ನೆಲೆ

ಈ ಪ್ರಕರಣದಲ್ಲಿ ಬರುವ ಆಟದ ಹೆಸರು, ಅದರ ಹಕ್ಕುದಾರರು, ಮರುನಿರ್ಮಾಣಕ್ಕೆ ಕೈಹಾಕಿದ ತಂಡ, ಹಣ ಹೂಡಿದ ಪ್ರಕಾಶಕ ಸಂಸ್ಥೆ, ಇವೆಲ್ಲವನ್ನೂ ಮರೆಯಲ್ಲಿಟ್ಟು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಆಟದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೆಲಸದ ವೇಳೆ ತೆಗೆದುಕೊಂಡ ನಿರ್ಧಾರಗಳನ್ನೂ ಅವುಗಳ ಹಿಂದಿನ ತಾಂತ್ರಿಕ ಕಾರಣಗಳನ್ನೂ ಇದ್ದ ಹಾಗೆಯೇ ಇಟ್ಟಿದ್ದೇನೆ. ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ ಸಾಗುವ ಈ ಆಟ 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ತಯಾರಾಗಿ, ನಿಂಟೆಂಡೊ ಕಂಪನಿಯ 8 ಬಿಟ್ ಯಂತ್ರವಾದ ಫ್ಯಾಮಿಕಾಮ್‌ಗೆ ಬಂದದ್ದು. ಮರುನಿರ್ಮಾಣದ ತಂಡ ಬೆಂಗಳೂರಿನ ಐವರದ್ದು: ಮುಖ್ಯಸ್ಥರು, ಇಬ್ಬರು ಪ್ರೋಗ್ರಾಮರ್‌ಗಳು, ಒಬ್ಬ ಚಿತ್ರಕಾರ್ತಿ, ಒಬ್ಬ ಲೆವೆಲ್ ವಿನ್ಯಾಸಕ. ಕೆಲಸ 2023ರ ಆರಂಭದಲ್ಲಿ ಶುರುವಾಯಿತು. ನಾನು ಕೆಲವು ತಿಂಗಳುಗಳ ನಂತರ ತೊಡಕೊಂದನ್ನು ಬಿಡಿಸಿಕೊಡಲೆಂದು ಹೋಗಿ, ಕೊನೆಯವರೆಗೂ ಅಲ್ಲೇ ಉಳಿದವನು.

ಒಪ್ಪಂದದ ತಿರುಳು ಒಂದೇ ಸಾಲಿನಲ್ಲಿತ್ತು: ಚಿತ್ರ ಹೊಸದಾಗಿರಬೇಕು, ಆಟ ಹಳೆಯದೇ ಆಗಿರಬೇಕು. ಕೇಳಲು ಸರಳವಾದ ಈ ಮಾತಿನಲ್ಲಿ ಚಿತ್ರ ಎಲ್ಲಿ ಮುಗಿದು ಆಟ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆ ಅಡಗಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮೂಲದ ಸೋರ್ಸ್ ಕೋಡ್ ಹಕ್ಕುದಾರರ ಬಳಿಯೂ ಉಳಿದಿರಲಿಲ್ಲವಾದ್ದರಿಂದ, ಕೈಯಲ್ಲಿದ್ದ ಆಧಾರವೆಂದರೆ ಅವರ ಅನುಮತಿಯಿಂದ ಬಳಸಿದ ಕಾರ್ಟ್ರಿಜ್‌ನ ಪ್ರತಿ ಮತ್ತು ಅದನ್ನು ಓಡಿಸಲು ಒಂದು ಎಮ್ಯುಲೇಟರ್ (ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ), ಅಷ್ಟೆ.

ಮೊದಲ ಎರಡು ನಿರ್ಧಾರಗಳು

ಚಿತ್ರಶೈಲಿಗೆ ಮೂರು ದಾರಿಗಳಿದ್ದವು. ಪಿಕ್ಸೆಲ್ ಆರ್ಟ್‌ನಲ್ಲೇ ಉಳಿದು ಬಣ್ಣ ಮತ್ತು ಚಲನೆಯನ್ನು ಹೆಚ್ಚಿಸುವುದು ಒಂದು. ಮೂರು ಆಯಾಮದ ಮಾದರಿಗಳನ್ನು ಕಟ್ಟಿ ಪಕ್ಕದಿಂದ ತೋರಿಸುವುದು ಇನ್ನೊಂದು. ಕೈಯಿಂದ ಬಿಡಿಸಿದ ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಚಲನೆ ತರುವುದು ಮೂರನೆಯದು. ಪ್ರಕಾಶಕರ ಕಣ್ಣ ಮುಂದೆ ಇದ್ದದ್ದು ಪ್ಯಾರಿಸ್ಸಿನ ಲಿಜರ್ಡ್‌ಕ್ಯೂಬ್ ಎಂಬ ತಂಡ 2017ರಲ್ಲಿ ಹೊರತಂದ ‘ವಂಡರ್ ಬಾಯ್: ದ ಡ್ರ್ಯಾಗನ್ಸ್ ಟ್ರ್ಯಾಪ್’. 1989ರ ಸೆಗಾ ಮಾಸ್ಟರ್ ಸಿಸ್ಟಮ್ ಆಟವನ್ನು ಕೈಚಿತ್ರಗಳಲ್ಲಿ ಮತ್ತೆ ಕಟ್ಟಿದ ಆ ಆವೃತ್ತಿಯಲ್ಲಿ, ಆಡುತ್ತಿರುವಾಗಲೇ ಒಂದು ಬಟನ್ ಒತ್ತಿ ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ಅದಲುಬದಲಾಗಬಹುದು. ನಮ್ಮ ಚಿತ್ರಕಾರ್ತಿಯ ಬಲವೂ ರೇಖೆಯಲ್ಲೇ ಇದ್ದುದರಿಂದ ಮೂರನೆಯ ದಾರಿ ಹೆಚ್ಚಿನ ಚರ್ಚೆಯಿಲ್ಲದೆ ಗೆದ್ದಿತು. ಲಿಜರ್ಡ್‌ಕ್ಯೂಬ್ ಆ ಅದಲುಬದಲನ್ನು ಸಾಧಿಸಿದ್ದು ಮೂಲ ಆಟದ ಒಳಗನ್ನು ಬಿಚ್ಚಿ ಓದಿ, ಅದರ ತರ್ಕವನ್ನು ಹಾಗೆಯೇ ಉಳಿಸಿಕೊಂಡು ಎಂಬ ಸಂಗತಿಯನ್ನು ಮಾತ್ರ ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ.

ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ಸಿದ್ಧ ತಂತ್ರಾಂಶ, ಅದರ ಆಯ್ಕೆಗೆ ಅರ್ಧ ದಿನವೂ ಹಿಡಿಯಲಿಲ್ಲ. ಇಬ್ಬರೂ ಪ್ರೋಗ್ರಾಮರ್‌ಗಳಿಗೆ ಯೂನಿಟಿ ಎಂಬ ಎಂಜಿನ್ ಗೊತ್ತಿತ್ತು. ಕನ್ಸೋಲ್‌ಗಳಿಗೆ ಆಟವನ್ನು ಒಯ್ಯುವ ದಾರಿ ಅದರಲ್ಲಿ ಸಿದ್ಧವಾಗಿತ್ತು. ಇನ್ನೊಂದು ಎಂಜಿನ್ ಆದ ಗೊಡೊ ಮುಕ್ತ ತಂತ್ರಾಂಶವಾಗಿದ್ದು ಅದಕ್ಕೆ ಕಾಸು ಕೊಡಬೇಕಿಲ್ಲವಾದರೂ, ಕನ್ಸೋಲ್ ಕಂಪನಿಗಳ ಗೋಪ್ಯತೆಯ ಒಪ್ಪಂದಗಳ ಕಾರಣ ಆ ಭಾಗದ ಕೋಡ್ ಮುಕ್ತವಾಗಿ ಸಿಗುವುದಿಲ್ಲ, ಮೂರನೆಯವರ ಮೂಲಕವೇ ಹೋಗಬೇಕು. ನಾನು ಆ ಸಭೆಯಲ್ಲಿ ಇದ್ದಿದ್ದರೂ ಯೂನಿಟಿಯನ್ನೇ ಹೇಳುತ್ತಿದ್ದೆ. ತಪ್ಪಾದದ್ದು ಎಂಜಿನ್ನಿನ ಆಯ್ಕೆಯಲ್ಲಲ್ಲ. ಎಂಜಿನ್ ತೆಗೆದುಕೊಂಡ ಮೇಲೆ ಅದರ ಒಳಗಿರುವುದನ್ನೆಲ್ಲ ಬಳಸಲೇಬೇಕೆಂದು ಭಾವಿಸಿದ್ದರಲ್ಲಿ.

ತೊಡಕು

ಐದು ತಿಂಗಳ ಹೊತ್ತಿಗೆ ಮೊದಲ ಲೆವೆಲ್ ಸಿದ್ಧವಾಗಿತ್ತು, ನೋಡಲು ಅಪೂರ್ವವಾಗಿತ್ತು. ಮೂಲದಲ್ಲಿ ಪ್ರತಿ ಸ್ಪ್ರೈಟ್‌ಗೆ (ಪರದೆಯ ಮೇಲೆ ಚಲಿಸುವ ಪುಟ್ಟ ಚಿತ್ರಕ್ಕೆ) ಪಾರದರ್ಶಕವನ್ನು ಬಿಟ್ಟರೆ ಮೂರೇ ಬಣ್ಣಗಳಿದ್ದವು; ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್‌ಗಳು ಬಂದರೆ ಅವು ಮಿನುಗುತ್ತಿದ್ದವು. ಈಗ ನಾಯಕನ ಬಟ್ಟೆಯ ಮಡಿಕೆ ಗಾಳಿಗೆ ಅಲುಗುತ್ತಿತ್ತು. ಪ್ರಕಾಶಕರು ಮೂಲ ಆಟವನ್ನು ಚೆನ್ನಾಗಿ ಬಲ್ಲ ಕೆಲವರಿಗೆ ಅದನ್ನು ಆಡಲು ಕೊಟ್ಟರು. ಬಂದ ಉತ್ತರಗಳಲ್ಲಿ ಚಿತ್ರದ ಹೊಗಳಿಕೆಯ ಕೆಳಗೇ ಒಂದೊಂದು ಬಗೆಯ ದೂರು: ನೆಗೆತ ತಡವಾಗುತ್ತದೆ, ಅಂಚಿನಿಂದ ಜಾರುತ್ತೇನೆ, ಮೂವತ್ತು ವರ್ಷದಿಂದ ದಾಟುತ್ತಿದ್ದ ಹಳ್ಳವನ್ನು ಈಗ ದಾಟಲಾಗುತ್ತಿಲ್ಲ. ಕಷ್ಟದ ಮಾತೆಂದರೆ, ನೆಗೆತ ನಿಧಾನವೆಂದು ಒಬ್ಬರು, ತೀರ ಚುರುಕೆಂದು ಇನ್ನೊಬ್ಬರು ಬರೆದಿದ್ದರು.

ಇಂಥ ದೂರುಗಳು ಹೊಸವಲ್ಲ. 1993ರಲ್ಲಿ ನಿಂಟೆಂಡೊ ತನ್ನದೇ ಮಾರಿಯೋ ಆಟಗಳನ್ನು ಸೂಪರ್ ಫ್ಯಾಮಿಕಾಮ್‌ಗೆ ತಂದಾಗ, ಇಟ್ಟಿಗೆ ಒಡೆದ ಮೇಲೂ ಮಾರಿಯೋ ಮೇಲಕ್ಕೇ ಸಾಗುವಂತಾಯಿತು. 1985ರ ಮೂಲದಲ್ಲಿ ತಲೆ ತಾಗಿದೊಡನೆ ಕೆಳಕ್ಕೆ ಬೀಳುತ್ತಿದ್ದ. ಎಷ್ಟೋ ಜನ ಗಮನಿಸದ ಈ ವ್ಯತ್ಯಾಸ, ಆಟವನ್ನು ಕೈಯಲ್ಲೇ ನೆನಪಿಟ್ಟುಕೊಂಡವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. 2017ರ ಕ್ರ್ಯಾಶ್ ಬ್ಯಾಂಡಿಕೂಟ್ ಮರುನಿರ್ಮಾಣದಲ್ಲಿಯೂ ಪಾತ್ರದ ಕೊಲಿಷನ್ ಆಕಾರ (ಏನು ಯಾವುದಕ್ಕೆ ತಾಗಿತೆಂದು ಲೆಕ್ಕಹಾಕಲು ಬಳಸುವ, ಕಣ್ಣಿಗೆ ಕಾಣದ ಆಕಾರ) ಮಾತ್ರೆಯ ಹಾಗೆ ತಳದಲ್ಲಿ ಗುಂಡಾಗಿರುವುದರಿಂದ ಅಂಚುಗಳಲ್ಲಿ ಜಾರುತ್ತದೆ ಎಂದು ಆಟಗಾರರು ಪತ್ತೆಹಚ್ಚಿದ್ದರು.

ಮೊದಲ ಯತ್ನ: ಸಂಖ್ಯೆಗಳನ್ನು ತಿರುಗಿಸುವುದು

ನಾನು ಹೋಗುವ ವೇಳೆಗೆ ತಂಡ ಆರು ವಾರಗಳನ್ನು ಗುರುತ್ವ, ವೇಗ, ಘರ್ಷಣೆಗಳ ಸಂಖ್ಯೆಗಳನ್ನು ಏರಿಸಿ ಇಳಿಸುವುದರಲ್ಲೇ ಕಳೆದಿತ್ತು. ಮುಖ್ಯಸ್ಥರು ಆಡಿ, “ಇನ್ನೂ ಸ್ವಲ್ಪ ತೇಲಬೇಕು” ಎನ್ನುವರು. ಕಿರಿಯ ಪ್ರೋಗ್ರಾಮರ್ ಗುರುತ್ವ ಇಳಿಸಿ, ತಾನೇ ಆಡಿ, “ಸರ್, ಇದು ಬಲೂನ್ ಥರ ಆಯ್ತು” ಎನ್ನುವನು. ಇಬ್ಬರೂ ಮೂಲ ಆಟವನ್ನು ನೂರಾರು ಸಲ ಮುಗಿಸಿದವರು. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳಾಗಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಯಾರದ್ದೆಂಬುದನ್ನು ಮಾತ್ರ, ಮುಖ್ಯಸ್ಥರ ಎದುರಿಗೆ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಮುಖ್ಯಸ್ಥರು ಆ ಆಟವನ್ನು ಆಡಿದ್ದು 1990ರ ದಶಕದಲ್ಲಿ, ಮಲೆನಾಡಿನ ಒಂದು ಊರಿನಲ್ಲಿ, ನಾವೆಲ್ಲ ‘ಟಿವಿ ಗೇಮ್’ ಎಂದು ಕರೆಯುತ್ತಿದ್ದ ಫ್ಯಾಮಿಕಾಮ್ ನಕಲು ಯಂತ್ರದಲ್ಲಿ, ‘ಕ್ಯಾಸೆಟ್’ ಹಾಕಿ. ಜಪಾನಿನ ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಎನ್‌ಟಿಎಸ್‌ಸಿ ಪದ್ಧತಿಯದ್ದು. ನಮ್ಮದು 50 ಬಾರಿಯ ಪಾಲ್ ಪದ್ಧತಿ. ಆ ಕಾಲದ ಆಟಗಳಲ್ಲಿ ಗಡಿಯಾರವೆಂದರೆ ಟಿವಿಯ ಫ್ರೇಮೇ, ಅಂದರೆ ಹೀಗೆ ಬದಲಾಗುವ ಒಂದೊಂದು ಚಿತ್ರವೇ. ಫ್ರೇಮಿಗೆ ಇಷ್ಟು ಪಿಕ್ಸೆಲ್ ಎಂದೇ ಎಲ್ಲ ಚಲನೆಯ ಲೆಕ್ಕ. ಆದ್ದರಿಂದ ಪಾಲ್ ಟಿವಿಗೆ ಹೊಂದಿಸಿದ ನಕಲು ಯಂತ್ರದಲ್ಲಿ ಇಡೀ ಆಟವೇ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿತ್ತು. 40 ಫ್ರೇಮ್‌ಗಳ ಒಂದು ನೆಗೆತ ಜಪಾನಿನಲ್ಲಿ ಮೂರರಲ್ಲಿ ಎರಡು ಸೆಕೆಂಡು ಹಿಡಿದರೆ ಮಲೆನಾಡಿನಲ್ಲಿ 0.8 ಸೆಕೆಂಡು ಹಿಡಿಯುತ್ತಿತ್ತು. ನೆಗೆತದ ಎತ್ತರ ಅಷ್ಟೇ, ಹೊತ್ತು ಮಾತ್ರ ಹೆಚ್ಚು. ಅದೇ ಅವರು ಹೇಳುತ್ತಿದ್ದ ತೇಲುವಿಕೆ. ಕಿರಿಯ ಪ್ರೋಗ್ರಾಮರ್ ಬೆಳೆದದ್ದು ಕಂಪ್ಯೂಟರಿನ ಎಮ್ಯುಲೇಟರಿನಲ್ಲಿ, 60ರ ಲೆಕ್ಕದಲ್ಲಿ.

ಇಬ್ಬರ ನೆನಪೂ ನಿಜವಾಗಿತ್ತು. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಮುಖ್ಯಸ್ಥರು ಒಪ್ಪಲಿಲ್ಲ. ಎಮ್ಯುಲೇಟರನ್ನು 50ಕ್ಕೆ ಇಳಿಸಿ ಕೈಗೆ ಕೊಟ್ಟಾಗ ಎರಡನೆಯ ಹಳ್ಳ ದಾಟುವಷ್ಟರಲ್ಲಿ ನಕ್ಕರು. ಅಂದಿನಿಂದ ತಂಡದಲ್ಲಿ ಒಂದು ಕಟ್ಟುಪಾಡು ಬಂತು: ಚಲನೆಯ ವಿಷಯದಲ್ಲಿ ನೆನಪನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ, ಅಳತೆಯನ್ನು ಮಾತ್ರ ಒಪ್ಪುತ್ತೇವೆ.

ಎಂಜಿನ್ನಿನ ಪಾಲು

ಅಳೆಯಲು ಹಿಡಿದ ವಿಧಾನ ಹೀಗಿತ್ತು. ಎಮ್ಯುಲೇಟರಿನಲ್ಲಿ ಒಬ್ಬರು ಆಡುವಾಗ ಪ್ರತಿ ಫ್ರೇಮ್‌ನಲ್ಲಿ ಯಾವ ಬಟನ್ ಒತ್ತಿತ್ತು, ಯಂತ್ರದ ಮೆಮೊರಿಯಲ್ಲಿ ನಾಯಕನ ಸ್ಥಾನ ಎಷ್ಟಿತ್ತು ಎಂಬುದನ್ನು ಒಂದು ಸ್ಕ್ರಿಪ್ಟ್ ಬರೆದಿಡುತ್ತದೆ. ಅದೇ ಬಟನ್‌ಗಳ ಸಾಲನ್ನು ಹೊಸ ಆಟಕ್ಕೆ ಉಣಿಸಿದರೆ, ಎರಡೂ ಯಾವ ಫ್ರೇಮ್‌ನಲ್ಲಿ ಮೊದಲ ಬಾರಿಗೆ ಬೇರೆಯಾಗುತ್ತವೆ ಎಂಬುದು ತಾನಾಗಿ ಸಿಗುತ್ತದೆ. ಮೊದಲ ಬಾರಿ ನೋಡಿದಾಗ ಅವು ನೆಗೆದ ಮೊದಲ ಫ್ರೇಮ್‌ನಲ್ಲೇ ಬೇರೆಯಾದವು.

ಕಾರಣಗಳು ಒಂದರ ಮೇಲೊಂದು ಕುಳಿತಿದ್ದವು. ಯೂನಿಟಿಯ ಭೌತಿಕ ಲೆಕ್ಕಾಚಾರ ತಾನಾಗಿ 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಬಾರಿ ನಡೆಯುವಂತೆ ಹೊಂದಿಕೆಯಾಗಿರುತ್ತದೆ. ಅದನ್ನು ಯಾರೂ ಬದಲಿಸಿರಲಿಲ್ಲ. 60ರ ಪರದೆಯಲ್ಲಿ ಸೆಕೆಂಡಿಗೆ ಹತ್ತು ಫ್ರೇಮ್‌ಗಳಲ್ಲಿ ಲೆಕ್ಕವೇ ನಡೆಯದೆ ಚಲನೆ ಕುಕ್ಕುತ್ತಿತ್ತು. ಎರಡನೆಯದು ಲೆಕ್ಕದ ಕ್ರಮ. ಮೂಲ ಆಟದಲ್ಲಿ ಪ್ರತಿ ಫ್ರೇಮ್‌ನಲ್ಲಿ ಮೊದಲು ಸ್ಥಾನ ಬದಲಾಗಿ ಆಮೇಲೆ ಗುರುತ್ವ ವೇಗವನ್ನು ತಗ್ಗಿಸುತ್ತದೆ; ಯೂನಿಟಿ ಬಳಸುವ, ಬಾಕ್ಸ್2ಡಿ ಎಂಬ ಭೌತಿಕ ಲೆಕ್ಕಾಚಾರದ ತಂತ್ರಾಂಶದಲ್ಲಿ ಮೊದಲು ವೇಗ, ಆಮೇಲೆ ಸ್ಥಾನ. ನೆಗೆತದ ಆರಂಭದ ವೇಗ ಫ್ರೇಮಿಗೆ 4 ಪಿಕ್ಸೆಲ್ ಇದ್ದರೆ ಈ ಹಿಂದುಮುಂದು ಒಂದರಿಂದಲೇ ತುದಿಯ ಎತ್ತರ ಸುಮಾರು 4 ಪಿಕ್ಸೆಲ್ ತಗ್ಗುತ್ತದೆ, ಅಂದರೆ 16 ಪಿಕ್ಸೆಲ್ಲಿನ ಟೈಲಿನಲ್ಲಿ (ನೆಲ, ಗೋಡೆಗಳನ್ನು ಜೋಡಿಸಿದ ಚೌಕದಲ್ಲಿ) ಕಾಲು ಭಾಗ. ಮೂರನೆಯದು, ಮೂಲದಲ್ಲಿ ಬಟನ್ ಹಿಡಿದಿರುವಾಗ ಒಂದು ಗುರುತ್ವ, ಬಿಟ್ಟ ಮೇಲೆ ಇನ್ನೊಂದು, ಹೊಸದರಲ್ಲಿ ಒಂದೇ. ನಾಲ್ಕನೆಯದು, ಅಕ್ಕಪಕ್ಕದ ಎರಡು ಟೈಲ್‌ಗಳ ಸಂದಿಯಲ್ಲಿ, ಕಣ್ಣಿಗೆ ಕಾಣದ ಅಂಚಿಗೆ ಎಡವಿದವನ ಹಾಗೆ ನಾಯಕ ಒಮ್ಮೊಮ್ಮೆ ತಡೆದು ನಿಲ್ಲುತ್ತಿದ್ದ. ಬಾಕ್ಸ್2ಡಿಯಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲ ಕಾಟ ಇದು.

ಒಂದೊಂದನ್ನೂ ಸರಿಪಡಿಸಬಹುದಿತ್ತು, ಹಿರಿಯ ಪ್ರೋಗ್ರಾಮರ್ ಅದನ್ನೇ ಬಯಸಿದರು. ನಾನು ಒಪ್ಪಲಿಲ್ಲ. ಪೆಟ್ಟಿಗೆಗಳು ಉರುಳುವ, ಹಗ್ಗಗಳು ತೂಗುವ ಲೋಕಕ್ಕೆಂದು ಕಟ್ಟಿದ ಯಂತ್ರವನ್ನು, ಏನೂ ಉರುಳದ ಏನೂ ತೂಗದ ಲೋಕಕ್ಕೆ ಬಗ್ಗಿಸುವ ಶ್ರಮಕ್ಕಿಂತ ಮೂಲದ ಲೆಕ್ಕವನ್ನೇ ಬರೆಯುವ ಶ್ರಮ ಕಡಿಮೆ ಎಂಬುದು ನನ್ನ ವಾದವಾಗಿತ್ತು. ಫ್ಯಾಮಿಕಾಮ್‌ನಲ್ಲಿ ಇದ್ದ ಕೆಲಸದ ಮೆಮೊರಿ 2 ಕಿಲೊಬೈಟ್. ಅಷ್ಟರಲ್ಲಿ ಅಡಗಿದ್ದ ಲೋಕ ಸಂಕೀರ್ಣವಾಗಿರಲು ಸಾಧ್ಯವೇ ಇರಲಿಲ್ಲ. ದಶಮಾಂಶಗಳನ್ನು ಬಿಟ್ಟು ಪೂರ್ಣಾಂಕಗಳಲ್ಲೇ, ಒಂದು ಪಿಕ್ಸೆಲ್ಲನ್ನು 256 ಪಾಲು ಮಾಡಿ, ಆಯತಕ್ಕೂ ಟೈಲ್‌ಗೂ ನೇರ ಹೋಲಿಕೆ ಮಾಡುವ ಒಂದು ಪುಟ್ಟ ಪ್ರೋಗ್ರಾಮ್ ಸಾಕಿತ್ತು. ಚರ್ಚೆ ಎರಡು ದಿನ ನಡೆದು, ಕೊನೆಗೆ ಮೂರು ವಾರಗಳ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಮೂರನೆಯ ವಾರದ ಕೊನೆಗೆ ಮೊದಲ ಲೆವೆಲ್ಲಿನ ಇಡೀ ಆಟ, ಆರಂಭದಿಂದ ಬಾಗಿಲು ಮುಟ್ಟುವವರೆಗೆ, ಒಂದು ಪಿಕ್ಸೆಲ್ಲೂ ತಪ್ಪದೆ ಮೂಲದ ಜೊತೆ ಹೊಂದಿತು. ಯೂನಿಟಿ ಇನ್ನು ಮುಂದೆ ಚಿತ್ರ ತೋರಿಸುವ, ಶಬ್ದ ನುಡಿಸುವ, ಬಟನ್ ಓದುವ, ಕನ್ಸೋಲ್‌ಗೆ ಒಯ್ಯುವ ಕೆಲಸಕ್ಕಷ್ಟೇ ಉಳಿಯಿತು.

ಚಿತ್ರದ ಪಾಲು

ಲೆಕ್ಕ ಹೊಂದಿದ ಮೇಲೂ ದೂರುಗಳು ಪೂರ್ತಿ ನಿಲ್ಲಲಿಲ್ಲ, ಇದು ನನಗೇ ಅಚ್ಚರಿ ತಂದಿತು. ಸಂಖ್ಯೆಗಳು ಒಂದೇ ಆಗಿದ್ದರೂ ನೆಗೆತ ತಡವಾಗುತ್ತಿದೆ ಎಂದು ಆಟಗಾರರು ಹೇಳುತ್ತಲೇ ಇದ್ದರು.

ಚಿತ್ರಕಾರ್ತಿ ಅನಿಮೇಷನ್ ಕಲಿತವರು. ನೆಗೆಯುವ ಮೊದಲು ದೇಹ ಕುಗ್ಗಬೇಕು, ಆಗಲೇ ನೋಡುವವರಿಗೆ ಭಾರದ ಅರಿವಾಗುತ್ತದೆ ಎಂಬುದು ಆ ವಿದ್ಯೆಯ ಮೊದಲ ಪಾಠ. ಅವರು ಸೆಕೆಂಡಿಗೆ 12 ಚಿತ್ರಗಳಂತೆ ಬಿಡಿಸುತ್ತಿದ್ದರು, ಅಂದರೆ ಒಂದು ಚಿತ್ರ ಆಟದ 5 ಫ್ರೇಮ್‌ಗಳಷ್ಟು ಹೊತ್ತು ನಿಲ್ಲುತ್ತದೆ. ಕುಗ್ಗುವ ಎರಡು ಚಿತ್ರಗಳಿಗೆ 10 ಫ್ರೇಮ್, ಸೆಕೆಂಡಿನ ಆರನೆಯ ಒಂದು ಪಾಲು. ಮೂಲದಲ್ಲಿ ಬಟನ್ ಒತ್ತಿದ ಮರುಗಳಿಗೆಯೇ ನಾಯಕ ಗಾಳಿಯಲ್ಲಿರುತ್ತಾನೆ. ಈಗಲೂ ಲೆಕ್ಕದಲ್ಲಿ ಅವನು ಗಾಳಿಯಲ್ಲೇ ಇದ್ದ, ಆದರೆ ಕುಗ್ಗಿದ ಭಂಗಿಯಲ್ಲಿ ಮೇಲೇರುತ್ತಿದ್ದ. ಕಣ್ಣು ಅದನ್ನು ನೆಗೆತವೆಂದು ಒಪ್ಪುತ್ತಿರಲಿಲ್ಲ. ಕುಗ್ಗುವ ಚಿತ್ರಗಳನ್ನು ಕಿತ್ತುಹಾಕುವುದು ಅವರಿಗೆ ನೋವಿನ ಕೆಲಸವಾಗಿತ್ತು. ಕೊನೆಗೆ ಭಾರವನ್ನು ಇಳಿದ ಮೇಲೆ ತೋರಿಸುವುದೆಂದಾಯಿತು: ನೆಲ ಮುಟ್ಟಿದಾಗ ದೇಹ ಕುಗ್ಗುತ್ತದೆ, ಧೂಳು ಏಳುತ್ತದೆ, ಆದರೆ ಆ ನಡುವೆ ಆಟಗಾರ ಮತ್ತೆ ಒತ್ತಿದರೆ ಎಲ್ಲವನ್ನೂ ಅರ್ಧಕ್ಕೇ ಬಿಟ್ಟು ನಾಯಕ ಏಳುತ್ತಾನೆ.

ಎರಡನೆಯದು ನೆಲದ ಅಂಚು. ಮೂಲದ ಕಟ್ಟೆ ಒಂದು ನೇರ ಚೌಕ. ಎಲ್ಲಿ ಮುಗಿಯುತ್ತದೆಂದು ಮಗುವಿಗೂ ಗೊತ್ತು. ಹೊಸ ಕಟ್ಟೆಯ ಮೇಲೆ ಹುಲ್ಲು ಜೋತಾಡುತ್ತಿತ್ತು, ಬೇರು ಇಳಿಬಿದ್ದಿತ್ತು, ಬಂಡೆ ಉಬ್ಬಿತ್ತು. ಮೂಲದ ಅಳತೆಯಲ್ಲಿ 5 ಪಿಕ್ಸೆಲ್‌ನಷ್ಟು ಹುಲ್ಲು ಹೊರಗೆ ಚಾಚಿದ್ದ ಕಡೆ, ಹುಲ್ಲಿನ ಮೇಲೆ ಕಾಲಿಟ್ಟವರು ಹಳ್ಳಕ್ಕೆ ಬೀಳುತ್ತಿದ್ದರು. ಹಿನ್ನೆಲೆಯ ಬೆಟ್ಟಗಳ ಬಣ್ಣವೂ ಕಟ್ಟೆಯ ಬಣ್ಣವೂ ಒಂದೇ ಗಾಢತೆಯಲ್ಲಿದ್ದುದರಿಂದ ಯಾವುದು ನಿಲ್ಲುವ ಜಾಗ, ಯಾವುದು ಬರೀ ಚಿತ್ರ ಎಂಬ ಗೊಂದಲ ಬೇರೆ. ಇಲ್ಲಿ ನಿಯಮವನ್ನು ಮಾಡಿದವರು ಚಿತ್ರಕಾರ್ತಿಯೇ. ಕಟ್ಟೆಯ ಮೇಲಂಚಿನಲ್ಲಿ ಯಾವ ಅಲಂಕಾರವೂ ಕೊಲಿಷನ್ ಗೆರೆಯಿಂದ 2 ಪಿಕ್ಸೆಲ್‌ಗಿಂತ ಆಚೆ ಹೋಗಬಾರದು. ಹಿನ್ನೆಲೆಯ ಬಣ್ಣ ಒಂದು ಹಂತ ಮಾಸಿರಬೇಕು. ನಿಲ್ಲುವ ಜಾಗಕ್ಕೆ ತೆಳುವಾದ ಬೆಳಕಿನ ಗೆರೆ ಇರಬೇಕು. ಕೊಲಿಷನ್ ನಕ್ಷೆಯನ್ನು ಪಾರದರ್ಶಕ ಪದರವಾಗಿ ಅವರ ಚಿತ್ರದ ಕಡತದೊಳಕ್ಕೇ ಹಾಕಿಕೊಟ್ಟೆವು. ಆ ಮೊದಲು ಅವರು ಎಮ್ಯುಲೇಟರಿನ ಸ್ಕ್ರೀನ್‌ಶಾಟ್ ನೋಡಿ ಬಿಡಿಸುತ್ತಿದ್ದರು ಎಂಬುದು ಆಗ ನಮಗೆ ತಿಳಿಯಿತು. ಆ ಸ್ಕ್ರೀನ್‌ಶಾಟ್‌ಗಳಲ್ಲೂ ಒಂದು ಮೋಸವಿತ್ತು. ಜಪಾನಿನ ಟಿವಿಯಲ್ಲಿ ಆ ಯಂತ್ರದ ಒಂದು ಪಿಕ್ಸೆಲ್ ಚೌಕವಾಗಿರದೆ 7 ಪಾಲು ಎತ್ತರಕ್ಕೆ 8 ಪಾಲು ಅಗಲವಾಗಿ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಅದು ಚೌಕ. ಹೀಗಾಗಿ ಹೊಸ ನಾಯಕ ಹಳೆಯವನಿಗಿಂತ ಸೊರಗಿದ್ದ. ಅವನನ್ನು ಮತ್ತೆ ಬಿಡಿಸಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು.

ಅಗಲ ಪರದೆಯ ಗಂಟು

ಮೂಲದ ಚಿತ್ರ 256 ಪಿಕ್ಸೆಲ್ ಅಗಲ, 240 ಎತ್ತರ. ಅದೇ ಎತ್ತರವನ್ನಿಟ್ಟುಕೊಂಡು ಇಂದಿನ 16:9 ಪರದೆಯನ್ನು ತುಂಬಿದರೆ, ಪಿಕ್ಸೆಲ್ಲಿನ ಅಗಲದ ಲೆಕ್ಕ ಸೇರಿಸಿ, ಮೂಲದ ಸುಮಾರು 373 ಕಾಲಮ್‌ಗಳು ಕಾಣಬೇಕಾಗುತ್ತದೆ. ಮೂಲದಲ್ಲಿ ವೈರಿಗಳು ಪರದೆಯ ಅಂಚಿಗೆ ಬಂದಾಗ ಮಾತ್ರ ಎಚ್ಚರಗೊಳ್ಳುತ್ತಿದ್ದರು. ಅಗಲ ಪರದೆಯಲ್ಲಿ ಅವರು ಶೂನ್ಯದಿಂದ, ಆಟಗಾರನ ಕಣ್ಣೆದುರೇ ಪ್ರತ್ಯಕ್ಷರಾದರು. ಎಚ್ಚರಗೊಳ್ಳುವ ಗೆರೆಯನ್ನು ಆಚೆಗೆ ತಳ್ಳಿದೆವು. ಆಗ ವೈರಿಗಳು ಬೇಗ ಹೊರಟು, ನಾಯಕ ತಲುಪುವ ಹೊತ್ತಿಗೆ ಬೇರೆಡೆ ಇರುತ್ತಿದ್ದರು. ನಾಲ್ಕನೆಯ ಲೆವೆಲ್ಲಿನ ಒಂದು ಸೇತುವೆಯನ್ನು ಮೂಲದವರು ಎರಡು ಹಕ್ಕಿಗಳ ಹಾರಾಟದ ನಡುವಿನ ಅಂತರಕ್ಕೆ ಸರಿಯಾಗಿ ಕಟ್ಟಿದ್ದರು. ಗೆರೆ ಸರಿದ ಮೇಲೆ ಅದನ್ನು ದಾಟುವುದು ಅದೃಷ್ಟದ ಆಟವಾಯಿತು.

ಮೂಲದ ಅಗಲವನ್ನೇ ಉಳಿಸಿ ಪರದೆಯ ಎರಡೂ ಬದಿಗೆ ಖಾಲಿ ಪಕ್ಕಪಟ್ಟಿಗಳನ್ನು ಬಿಡುವುದನ್ನು ಪ್ರಕಾಶಕರು ಒಪ್ಪಲಿಲ್ಲ. ಹೊಸ ಆಟವೆಂದು ಮಾರುವಾಗ ಪರದೆ ತುಂಬಿರಲೇಬೇಕೆಂದರು. ಅವರದ್ದೂ ನ್ಯಾಯವಾದ ಮಾತು. ಕೊನೆಗೆ ಎರಡು ಬಗೆಗಳಾದವು. ‘ಹೊಸ’ ಬಗೆಯಲ್ಲಿ ಪರದೆ ತುಂಬುತ್ತದೆ, ವೈರಿಗಳ ಗೆರೆ ಆಚೆ ಇದೆ, ಸೇತುವೆಯಂಥ ಜಾಗಗಳಲ್ಲಿ ಲೆವೆಲ್ ವಿನ್ಯಾಸಕ ಅವರ ಹೊರಡುವ ಹೊತ್ತನ್ನು ಕೈಯಾರೆ ತಿದ್ದಿದ್ದಾನೆ. ‘ಹಳೆ’ ಬಗೆಯಲ್ಲಿ ಚಿತ್ರ ಹೊಸದೇ ಆದರೂ ಪರದೆ ಮೂಲದಷ್ಟೇ ಅಗಲ, ಲೆಕ್ಕವೂ ಮೂಲದ್ದೇ. ಇದಕ್ಕೆ ತೆತ್ತ ಬೆಲೆಯೂ ದೊಡ್ಡದು: ಎಲ್ಲ ಲೆವೆಲ್‌ಗಳನ್ನೂ ಎರಡೆರಡು ಸಲ ಪರೀಕ್ಷಿಸಬೇಕಾಯಿತು. ಈ ನಿರ್ಧಾರವನ್ನು ಚಿತ್ರ ಬಿಡಿಸುವ ಮೊದಲೇ ತೆಗೆದುಕೊಂಡಿದ್ದರೆ ಹಿನ್ನೆಲೆಗಳ ಅಂಚುಗಳನ್ನು ಎರಡನೆಯ ಬಾರಿ ಬಿಡಿಸುವುದು ತಪ್ಪುತ್ತಿತ್ತು.

ಎಂಜಿನ್ ಪ್ರಶ್ನೆ ಮತ್ತೆ ಎದ್ದದ್ದು

2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಕಂಪನಿ, ಆಟ ಒಂದು ಮಿತಿಯನ್ನು ದಾಟಿದ ಮೇಲೆ ಪ್ರತಿ ಇನ್‌ಸ್ಟಾಲ್‌ಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿತು. ಸಣ್ಣ ತಂಡಗಳಲ್ಲೆಲ್ಲ ದಿಗಿಲು ಹುಟ್ಟಿತು. ನಮ್ಮ ಮುಖ್ಯಸ್ಥರೂ ಗೊಡೊಗೆ ಹೋಗೋಣವೆಂದರು. ಮೇ ತಿಂಗಳಾಗಿದ್ದರೆ ಆ ಮಾತಿಗೆ ಇಡೀ ಕೆಲಸವನ್ನು ಮೊದಲಿನಿಂದ ಶುರುಮಾಡುವುದು ಎಂದು ಅರ್ಥವಾಗುತ್ತಿತ್ತು. ಈಗ ಹಾಗಿರಲಿಲ್ಲ. ಆಟದ ತರ್ಕವೆಲ್ಲ ಎಂಜಿನ್ನಿನ ಒಂದು ಹೆಸರನ್ನೂ ಉಚ್ಚರಿಸದ ಸಿ ಶಾರ್ಪ್ ಕೋಡ್‌ನಲ್ಲಿತ್ತು, ಗೊಡೊಗೂ ಆ ಭಾಷೆ ಗೊತ್ತು. ಹಿರಿಯ ಪ್ರೋಗ್ರಾಮರ್ ನಾಲ್ಕೇ ದಿನಗಳಲ್ಲಿ ಬೂದು ಚೌಕಗಳ ಒಂದು ಲೆವೆಲ್ಲನ್ನು ಗೊಡೊದಲ್ಲಿ ಓಡಿಸಿ ತೋರಿಸಿದರು. ಆ ಕೋಡನ್ನು ಬೇರೆಯಾಗಿ ಬರೆಯುವುದನ್ನು ಅತಿ ಹೆಚ್ಚು ವಿರೋಧಿಸಿದ್ದವರು ಅವರೇ.

ಆದರೂ ಹೋಗಲಿಲ್ಲ. ಕನ್ಸೋಲ್ ಆವೃತ್ತಿಗೆ ಪ್ರಕಾಶಕರ ಜೊತೆ ದಿನಾಂಕ ನಿಗದಿಯಾಗಿತ್ತು, ಗೊಡೊದಲ್ಲಿ ಅದಕ್ಕೆ ಇನ್ನೊಂದು ಸಂಸ್ಥೆಯನ್ನು ಹುಡುಕಬೇಕಿತ್ತು. ಹೋಗಬಹುದೆಂಬುದು ಖಚಿತವಾದ ಮೇಲೆ ಉಳಿಯುವುದು ದಿಗಿಲಿನ ವಿಷಯವಾಗಿ ಉಳಿಯಲಿಲ್ಲ. ಆ ಶುಲ್ಕವನ್ನು ಕಂಪನಿ 2024ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು. ನಮ್ಮ ನಿರ್ಧಾರ ಅದನ್ನು ನಂಬಿಕೊಂಡಿರಲಿಲ್ಲ.

ಏನಾಯಿತು, ಏನು ಉಳಿಯಿತು

ಆಟ ಒಪ್ಪಂದದ ದಿನಾಂಕಕ್ಕಿಂತ ಏಳು ತಿಂಗಳು ತಡವಾಗಿ ಹೊರಬಂತು. ನೆಗೆತದ ಬಗ್ಗೆ ದೂರು ಬರಲಿಲ್ಲ. ಮೂಲವನ್ನು ಅತಿ ವೇಗದಲ್ಲಿ ಮುಗಿಸುವ ಹವ್ಯಾಸಿಗಳು ‘ಹಳೆ’ ಬಗೆಯಲ್ಲಿ ತಮ್ಮ ಹಳೆಯ ಚಮತ್ಕಾರಗಳೆಲ್ಲ ಫಲಿಸುವುದನ್ನು ಕಂಡು ಹಿಗ್ಗಿದರು, ಗೋಡೆಯ ಮೂಲೆಯಲ್ಲಿ ತೂರಿಹೋಗುವ ದೋಷವೊಂದರ ಸಮೇತ. ಪ್ರಕಾಶಕರು ಮೊದಲು ಕನಸಿದ್ದ, ಬಟನ್ ಒತ್ತಿ ಹಳೆಯ ಚಿತ್ರಕ್ಕೆ ಹೋಗುವ ಸೌಲಭ್ಯ ಮಾತ್ರ ಬರಲಿಲ್ಲ. ‘ಹಳೆ’ ಬಗೆಯಲ್ಲಿ ಅದು ಸುಲಭವಿತ್ತು, ‘ಹೊಸ’ ಬಗೆಯಲ್ಲಿ ತಿದ್ದಿದ ಜಾಗಗಳಿಗೆ ಹಳೆಯ ಚಿತ್ರವೇ ಇರಲಿಲ್ಲ, ಮತ್ತು ಅಷ್ಟರಲ್ಲಿ ಹಣ ಮುಗಿದಿತ್ತು.

ಇಂಥ ಕೆಲಸಕ್ಕೆ ಇಳಿಯುವವರು ಈ ಪ್ರಕರಣದಿಂದ ಮುಖ್ಯವಾಗಿ ತೆಗೆದುಕೊಳ್ಳಬಹುದಾದದ್ದು ಕೆಲಸದ ಕ್ರಮ. ನಮ್ಮ ತಂಡ ಚಿತ್ರಶೈಲಿ, ಎಂಜಿನ್, ಚಲನೆ, ಪರದೆಯ ಅಗಲ ಎಂಬ ಕ್ರಮದಲ್ಲಿ ಹೋಗಿ, ಕೊನೆಯದನ್ನು ತಲುಪಿದಾಗ ಮೊದಲನೆಯದಕ್ಕೆ ಮರಳಬೇಕಾಯಿತು. ಮತ್ತೊಮ್ಮೆ ಮಾಡುವುದಾದರೆ ಪರದೆಯ ಅಗಲದಿಂದ ಆರಂಭಿಸಿ, ಬೂದು ಚೌಕಗಳಲ್ಲೇ ಚಲನೆಯನ್ನು ಮೂಲದ ದಾಖಲೆಗೆ ಹೊಂದಿಸಿ, ಆಮೇಲೆ ಕುಂಚಕ್ಕೆ ಕೈಹಾಕುತ್ತೇನೆ. ಎಂಜಿನ್ ಯಾವುದೆಂಬ ಚರ್ಚೆಗೆ ಅರ್ಧ ದಿನವನ್ನೇ ಕೊಡುತ್ತೇನೆ, ಆದರೆ ಅದರ ಭೌತಿಕ ಲೆಕ್ಕಾಚಾರ ನಮಗೆ ಬೇಕೇ ಎಂಬುದಕ್ಕೆ ಒಂದು ವಾರ ಇಡುತ್ತೇನೆ. ಮೂಲದ ಚಲನೆಗೆ ಕಟ್ಟುಬೀಳದ, ಹೆಸರು ಮತ್ತು ಪಾತ್ರಗಳನ್ನಷ್ಟೇ ಉಳಿಸಿಕೊಳ್ಳುವ ಮರುಕಲ್ಪನೆಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅಲ್ಲಿ ಚಿತ್ರವೇ ಮುಂದೆ ಹೋಗಬಹುದು.

ಕೊನೆಯ ತಿಂಗಳಿನಲ್ಲಿ ಮುಖ್ಯಸ್ಥರು ಒಂದು ಬೇಡಿಕೆಯಿಟ್ಟರು: 50ರ ವೇಗವೂ ಒಂದು ಆಯ್ಕೆಯಾಗಿ ಇರಲಿ ಎಂದು. ಎಲ್ಲವೂ ಫ್ರೇಮ್‌ಗಳ ಲೆಕ್ಕದಲ್ಲೇ ಇದ್ದುದರಿಂದ ಬದಲಿಸಬೇಕಾದದ್ದು ಒಂದೇ ಸಂಖ್ಯೆ. ಸಂಗೀತವೂ ಮೂಲದಲ್ಲಿ ಇದ್ದಂತೆಯೇ ಶ್ರುತಿ ಕೆಡದೆ ಲಯ ಮಾತ್ರ ತಗ್ಗುವಂತೆ ಮಾಡಲು ಇನ್ನೆರಡು ದಿನ ಹಿಡಿಯಿತು. ಆ ಆಯ್ಕೆಗೆ ಮೆನುವಿನಲ್ಲಿ ಏನು ಹೆಸರಿಡುವುದೆಂದು ದೊಡ್ಡ ಚರ್ಚೆಯಾಗಿ, ಪ್ರಕಾಶಕರು ‘ಪಾಲ್’ ಎಂದರು, ಕಿರಿಯ ಪ್ರೋಗ್ರಾಮರ್ ‘ನಿಧಾನ’ ಎಂದ. ಇಬ್ಬರ ಮಾತನ್ನೂ ಬಿಟ್ಟು ಮುಖ್ಯಸ್ಥರು ಅದಕ್ಕೆ ‘ಟಿವಿ ಗೇಮ್’ ಎಂದು ಹೆಸರಿಟ್ಟರು.